ಕೊಚ್ಚಿಯ ಕಂಜಾವವೂ ಆಮ್‌ಸ್ಟರ್‌ಡಾಮಿನ ‘ಬಿಳಿಯ ವಿಧವೆ’ಯೂ

ಗಾಂಜಾ ಎಂದೊಡನೆ ಬೈರಾಗಿಯ ಚಿಲುಮೆಯೋ ಪೊಲೀಸರ ಪಂಚನಾಮೆಯೋ ನೆನಪಿಗೆ ಬರುವುದು ಸಹಜ. ಆದರೆ ಈ ಗಿಡಕ್ಕೆ ವಿದ್ವತ್ತಿನ ಚರಿತ್ರೆಯೊಂದುಂಟು. ಅದರ ಮುಖ್ಯವಾದ ಅಧ್ಯಾಯವೊಂದು ನಡೆದುದು ಕೊಚ್ಚಿಯಲ್ಲಿ. ಮಲಬಾರಿನ ಗಾಂಜಾ ಎರಡು ಸಲ ಆಮ್‌ಸ್ಟರ್‌ಡಾಂ ನಗರವನ್ನು ಸೇರಿತೆನ್ನಬಹುದು: 17ನೆಯ ಶತಮಾನದಲ್ಲಿ ಚಿತ್ರವಾಗಿ, 20ನೆಯ ಶತಮಾನದ ಕೊನೆಯಲ್ಲಿ ಬೀಜವಾಗಿ. ಮೊದಲನೆಯ ಸಲ ಗಿಡವನ್ನು ತಿಳಿಸಿಕೊಟ್ಟವರ ಹೆಸರು, ಊರು, ಜಾತಿ, ಕೈಬರಹ ಸಹ ಅದರೊಡನೆ ಹೋದುವು. ಎರಡನೆಯ ಸಲ ಹಾಗಾಗಲಿಲ್ಲ.

ಗಿಡವೇನೋ ನಮ್ಮಲ್ಲಿ ಹಳೆಯದು. ಅಥರ್ವವೇದದಲ್ಲಿ ಭಂಗದ ಹೆಸರು ಬರುತ್ತದೆ. ವೈದ್ಯ ನಿಘಂಟುಗಳು ಇದನ್ನು ವಿಜಯಾ ಎಂದು ಕರೆಯುತ್ತವೆ. ಕನ್ನಡದ ಭಂಗಿ ಎಲ್ಲರೂ ಬಲ್ಲ ಮಾತು. ಗೋವೆಯಲ್ಲಿ 1563ರಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ಟಾ ಎಂಬ ಪೋರ್ಚುಗೀಸ್ ವೈದ್ಯನ ಸಂವಾದ ಗ್ರಂಥದಲ್ಲಿ ಭಂಗಿಯ ವಿಚಾರವಿದೆ. ಆದರೆ ಓರ್ಟಾ ಬರೆದುದು ಮುಖ್ಯವಾಗಿ ಗುಣಕಥನ. ನಮ್ಮ ಪಶ್ಚಿಮ ಕರಾವಳಿಯ ಗಿಡವನ್ನೇ ಎದುರಿಗಿಟ್ಟುಕೊಂಡು, ಎಲೆ ಹೂ ಕಾಯಿಗಳನ್ನು ನೋಡಿ ಬರೆದು, ಸ್ಥಳೀಯರ ಮಾತಿನಲ್ಲಿಯೇ ಹೆಸರಿಟ್ಟು ದಾಖಲಿಸಿದ ಕೀರ್ತಿ ‘ಹೋರ್ಟುಸ್ ಮಲಬಾರಿಕುಸ್’ ಎಂಬ ಲ್ಯಾಟಿನ್ ಗ್ರಂಥಕ್ಕೆ ಸಲ್ಲಬೇಕು.

ಡಚ್ಚರು 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡರು. ಕೆಲವೇ ವರ್ಷಗಳ ಮೇಲೆ ಅಲ್ಲಿ ಅವರ ಅಧಿಪತಿಯಾಗಿ ಬಂದ ಹೆಂಡ್ರಿಕ್ ವಾನ್ ರೀಡೆ ಎಂಬಾತನು ಮಲಬಾರಿನ ಸಸ್ಯಸಂಪತ್ತನ್ನೆಲ್ಲ ಚಿತ್ರಸಹಿತವಾಗಿ ವರ್ಣಿಸುವ ಮಹಾಕಾರ್ಯಕ್ಕೆ ಕೈಯಿಟ್ಟನು. ಅದು 12 ಸಂಪುಟಗಳಾಗಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾಯಿತು. ಕರ್ತೃವಾದರೋ ಅದು ಮುಗಿಯುವ ಮೊದಲೇ, 1691ರಲ್ಲಿ, ಸೂರತ್ತಿಗೆ ಹೋಗುವ ಹಡಗಿನಲ್ಲಿ ತೀರಿಕೊಂಡನು. ಚಿತ್ರ ಬರೆದವರೂ ಲ್ಯಾಟಿನ್ನಿಗೆ ತಿರುಗಿಸಿದವರೂ ಯೂರೋಪಿನವರು. ತಿಳಿವು ಮಾತ್ರ ಮಲಬಾರಿನದು. ಚೇರ್ತಲದ ಬಳಿಯ ಕಡಕ್ಕರಪ್ಪಳ್ಳಿಯ ಕೊಲ್ಲಾಟ್ ಮನೆತನದ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು ತಮ್ಮ ವಂಶದ ವೈದ್ಯಗ್ರಂಥದಲ್ಲಿದ್ದುದನ್ನೂ ಅನುಭವದಿಂದ ಅರಿತುದನ್ನೂ ಹೇಳಿದರು. ಇಮ್ಯಾನುಯೆಲ್ ಕಾರ್ನೇರೋ ಎಂಬ ದುಭಾಷಿಯು ಅದನ್ನು ಪೋರ್ಚುಗೀಸಿಗೆ ತಂದನು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರು ನಿಘಂಟುಗಳ ನೆರವಿನಿಂದ ಗಿಡಗಳ ಗುಣನಾಮಗಳನ್ನು ಒದಗಿಸಿದರು. ಗೋವೆಯನ್ನು ಬಿಟ್ಟು ಬಂದು ಕೊಚ್ಚಿಯಲ್ಲಿ ನೆಲೆಸಿದ ಈ ಜನದ ದಾಯಾದಿಗಳೇ ಕಾಸರಗೋಡು, ಮಂಗಳೂರು, ಕುಮಟೆಗಳಲ್ಲಿ ನಮ್ಮ ನೆರೆಹೊರೆಯವರಾಗಿರುವುದರಿಂದ, ಈ ಸಂಗತಿ ಕನ್ನಡಿಗರಿಗೆ ದೂರದ್ದಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. 1675ರ ಏಪ್ರಿಲಿನಲ್ಲಿ ಅಚ್ಯುತನ್ ವೈದ್ಯರೂ ಮೂವರು ಕೊಂಕಣಿ ವೈದ್ಯರೂ ತಾವು ಮಾಡಿದ ಕೆಲಸವನ್ನು ವಿವರಿಸಿ ಪ್ರಮಾಣಪತ್ರಗಳನ್ನು ಬರೆದುಕೊಟ್ಟರು. ಅಚ್ಯುತನ್ನರದು ಮಲಯಾಳದ ಹಳೆಯ ಲಿಪಿಯಲ್ಲಿ, ಕೊಂಕಣಿ ವೈದ್ಯರದು ನಾಗರಿಯಲ್ಲಿ ಇದ್ದಿತು. ರೀಡೆ ಅವನ್ನು ಭಾಷಾಂತರಿಸಿ ಮೂಲವನ್ನು ಬಿಸುಡಲಿಲ್ಲ. ಮೂಲದ ಅಕ್ಷರಗಳನ್ನೇ ತಾಮ್ರಪಟದಲ್ಲಿ ಕೊರೆಸಿ ಮೊದಲ ಸಂಪುಟದಲ್ಲಿ ಅಚ್ಚುಮಾಡಿಸಿದನು. ಆಳುವವನು ಆಳಿಸಿಕೊಳ್ಳುವವನಿಗೆ ಹೀಗೆ ರಸೀತಿ ಬರೆದುಕೊಟ್ಟ ಉದಾಹರಣೆ ವಸಾಹತುಗಳ ಚರಿತ್ರೆಯಲ್ಲಿ ಅಪೂರ್ವ. ಕಂಪೆನಿಯ ಲಾಭವೇ ಇದರ ಹಿಂದಿದ್ದಿತೆಂಬುದು ನಿಜ; ನಾಟುಮದ್ದು ಅಗ್ಗವಾಗಿ ದೊರೆತರೆ ಯೂರೋಪಿನಿಂದ ಔಷಧ ತರಿಸುವ ಖರ್ಚು ಉಳಿಯುವುದು. ಆದರೂ ರಸೀತಿ ರಸೀತಿಯೇ.

1690ರಲ್ಲಿ ಹೊರಬಂದ 10ನೆಯ ಸಂಪುಟದಲ್ಲಿ ಗಾಂಜಾ ಗಿಡಕ್ಕೆ ಎರಡು ಚಿತ್ರಪಟಗಳಿವೆ. ಒಂದರ ಹೆಸರು ಕಲೆಂಗಿ ಕಂಜಾವ, ಮತ್ತೊಂದರದು ಚೆರು ಕಂಜಾವ. ಕಂಜಾವವೆಂಬುದು ಇಂದಿನ ಮಲಯಾಳದ ಕಂಚಾವ್ ಶಬ್ದವೇ. ಚೆರು ಎಂಬುದು ನಮ್ಮ ಕಿರು. ಕನ್ನಡದ ಕಿವಿ ಮಲಯಾಳದಲ್ಲಿ ಚೆವಿಯಾಗುವಂತೆ, ಕೆರೆ ಚಿರವಾಗುವಂತೆ, ಇಲ್ಲಿಯೂ ಕಕಾರಕ್ಕೆ ಚಕಾರ ಬಂದಿದೆ. ಆಧುನಿಕ ಸಸ್ಯಶಾಸ್ತ್ರವು ಎರಡನ್ನೂ ಒಂದೇ ಜಾತಿಯೆಂದು ಎಣಿಸುತ್ತದೆ. ಹಾಗೆಂದು ಎರಡು ಹೆಸರನ್ನು ಅಜ್ಞಾನವೆನ್ನುವುದು ತಪ್ಪು. ವಿಜ್ಞಾನಿಗೆ ಜಾತಿ ಮುಖ್ಯ. ಬೆಳೆಯುವವನಿಗೂ ಮದ್ದರೆಯುವವನಿಗೂ ಅದರೊಳಗಿನ ಭೇದವೇ ಮುಖ್ಯ. ಬಾಳೆಯೆಲ್ಲವೂ ಬಾಳೆಯೇ ಆದರೂ ನೇಂದ್ರಬಾಳೆಯನ್ನು ಕೇಳಿದವನಿಗೆ ಪುಟ್ಟಬಾಳೆಯನ್ನು ಕೊಟ್ಟರೆ ಒಪ್ಪುವನೇ?

ಸ್ವೀಡನ್ನಿನ ಲಿನ್ನೇಯಸನು ತಾನು ಕಾಣದ ಮಲಬಾರಿನ ಸಸ್ಯಗಳಿಗೆ ಈ ಗ್ರಂಥವನ್ನೇ ಬಹುವಾಗಿ ನಂಬಿದನು. 1753ರಲ್ಲಿ ಆತನು ಭಂಗಿಗೆ ಕ್ಯಾನಬಿಸ್ ಸಟೈವಾ ಎಂಬ ಒಂದೇ ಜಾತಿಯನ್ನು ಒಪ್ಪಿದನು. ಫ್ರಾನ್ಸಿನ ಲಾಮಾರ್ಕನು 1785ರಲ್ಲಿ, ಭಾರತದಿಂದ ಬಂದ ಮಾದರಿಗಳನ್ನು ನೋಡಿ, ನಾರಿಗಾಗಿ ಬೆಳೆಯುವ ಯೂರೋಪಿನ ಗಿಡಕ್ಕೂ ಅಮಲಿಗಾಗಿ ಬೆಳೆಯುವ ಭಾರತದ ಗಿಡಕ್ಕೂ ಭೇದವೆಣಿಸಿ ಎರಡನೆಯದಕ್ಕೆ ಇಂಡಿಕಾ ಎಂದು ಹೆಸರಿಟ್ಟನು. ಈ ಹೆಸರು ಮುಂದೆ ಹೇಗೆ ತಲೆಕೆಳಗಾಯಿತೆಂಬುದನ್ನು ನೋಡಬೇಕಾಗಿದೆ.

ಅದಕ್ಕೆ ಮೊದಲು ಕೃಷಿಯ ಮಾತು. ಭಂಗಿಯಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಗಾಂಜಾ ಎಂಬುದು ಹೆಣ್ಣುಗಿಡದ ಅಂಟುಳ್ಳ ಹೂಗೊಂಚಲು. ಪರಾಗ ತಾಕಿ ಬೀಜಗಟ್ಟಿದರೆ ಅದರ ಬೆಲೆ ಇಳಿಯುವುದು. ಆದುದರಿಂದ ಗಂಡುಗಿಡಗಳನ್ನು ಹೂ ಬಿರಿಯುವ ಮೊದಲೇ ಗುರುತಿಸಿ ತೆಗೆಯುವುದೇ ಈ ಬೆಳೆಯ ಕುಶಲತೆ. 1893ರಲ್ಲಿ ನೇಮಕವಾದ ಭಾರತೀಯ ಭಂಗಿ ಆಯೋಗವು 1,193 ಮಂದಿ ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ಕೊಟ್ಟ ವರದಿಯಲ್ಲಿ, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲವೆಂದೂ ಪೂರ್ಣ ನಿಷೇಧ ಬೇಡವೆಂದೂ ಅಭಿಪ್ರಾಯಪಟ್ಟಿತು. ಬಂಗಾಳದ ನವಗಾಂವ್ ಸೀಮೆಯಲ್ಲಿ ಗಂಡುಗಿಡ ಗುರುತಿಸುವುದಕ್ಕೆ ಬೇರೆಯೇ ಒಬ್ಬ ಪರಿಣತನಿದ್ದ ಸಂಗತಿ ಆ ಕಾಲದ ದಾಖಲೆಗಳಲ್ಲಿದೆ. ಅವನಿಗೆ ಪೋದ್ದಾರನೆಂದು ಹೆಸರು. ಪೋದ್ದಾರನೆಂದರೆ ನಾಣ್ಯ ಪರೀಕ್ಷಿಸುವವನು. ಖೋಟಾ ರೂಪಾಯಿಯನ್ನು ಆರಿಸಿ ತೆಗೆಯುವ ಕಣ್ಣೇ ಹೊಲದಲ್ಲಿಯೂ ಬೇಕೆಂದು ಜನ ಕಂಡುಕೊಂಡ ಈ ಹೋಲಿಕೆ ಸೊಗಸಾದುದು. ಗಿಡದ ‘ತಳಿ’ ಎಂದು ಇಂದು ಹೊಗಳುವ ಗುಣದಲ್ಲಿ ಎಷ್ಟು ಪಾಲು ಬೀಜದ್ದು, ಎಷ್ಟು ಪಾಲು ಇಂಥ ಕಣ್ಣುಗಳದ್ದು ಎಂಬುದನ್ನು ವ್ಯಾಪಾರಿಗಳು ಯೋಚಿಸುವುದಿಲ್ಲ.

ಕೇರಳದ ನಾಡತಳಿಯ ಲಕ್ಷಣಗಳು ಅಲ್ಲಿಯ ಹವೆಗೆ ತಕ್ಕವು: ನಿಡಿದಾದ ನಿಲುವು, ಕಿರಿದಾದ ಎಸಳುಗಳುಳ್ಳ ಎಲೆ, ತಡವಾಗಿ ಮಾಗುವ ಹೂ. ಇಡುಕ್ಕಿಯ ಬೆಟ್ಟಗಳ ಗಾಂಜಾಕ್ಕೆ ಜನಜನಿತವಾದ ಹೆಸರು ನೀಲಚಡಯನ್. ಚಡ ಎಂದರೆ ಜಡೆ. ಚಡಯನ್ ಎಂದರೆ ಜಡೆಯವನು, ಎಂದರೆ ಶಿವ. ಹೂಗೊಂಚಲು ಜಡೆಗಟ್ಟಿದಂತೆ ತೋರುವುದರಿಂದ ಈ ಹೆಸರು ಹುಟ್ಟಿರಬೇಕು. ‘ಇಡುಕ್ಕಿ ಗೋಲ್ಡ್’ ಎಂಬ ಮತ್ತೊಂದು ಹೆಸರಂತೂ 2013ರಲ್ಲಿ ಒಂದು ಮಲಯಾಳ ಚಲನಚಿತ್ರದ ಶೀರ್ಷಿಕೆಯೇ ಆಯಿತು. 1985ರ ಮಾದಕದ್ರವ್ಯ ಕಾಯಿದೆಯ ಮೇಲೆ ಇದನ್ನು ಬೆಳೆಯುವುದು ಘೋರ ಅಪರಾಧ. ಎಲೆಯನ್ನೂ ಬೀಜವನ್ನೂ ಆ ಕಾಯಿದೆ ಗಾಂಜಾ ಎಂಬ ಮಾತಿನಿಂದ ಹೊರಗಿಟ್ಟಿತು. ಹೂಗೊಂಚಲಿಗೆ ಆ ವಿನಾಯಿತಿಯಿಲ್ಲ.

ಇತ್ತ ಹಾಲೆಂಡಿನಲ್ಲಿ 1976ರಲ್ಲಿ ಕಾಯಿದೆ ಸಡಿಲವಾಗಿ, ಬೀಜದ ವ್ಯಾಪಾರ ಬೆಳೆಯಿತು. 1990ರ ದಶಕದಲ್ಲಿ ಅಲ್ಲಿ ಹೊರಬಂದ ‘ವೈಟ್ ವಿಡೋ’, ಎಂದರೆ ಬಿಳಿಯ ವಿಧವೆ, 1995ರಲ್ಲಿ ಆಮ್‌ಸ್ಟರ್‌ಡಾಮಿನ ಸ್ಪರ್ಧೆಯಲ್ಲಿ ಬಹುಮಾನ ಪಡೆದು ಲೋಕಪ್ರಸಿದ್ಧವಾಯಿತು. ಹೂಗೊಂಚಲ ಮೇಲೆ ಬೆಳ್ಳಗೆ ಹಿಮ ಕವಿದಂತೆ ಕಾಣುವ ರಾಳದ ಕಣಗಳಿಂದ ಅದಕ್ಕೆ ಆ ಹೆಸರು. ಬ್ರೆಜಿಲಿನ ಸಟೈವಾ ತಾಯಿ, ದಕ್ಷಿಣ ಭಾರತದ ಇಂಡಿಕಾ ತಂದೆ ಎಂದು ಅದರ ವಂಶಾವಳಿ. ಹೆಚ್ಚಾಗಿ ಪ್ರಚಾರದಲ್ಲಿರುವ ಕಥೆಯಂತೆ, ಕೇರಳದ ಬೆಟ್ಟದ ರೈತನೊಬ್ಬನು ರಾಳ ಹೆಚ್ಚುವಂತೆ ಆರಿಸುತ್ತ ಬಂದ ಬೀಜವೇ ಆ ತಂದೆ. ಸೃಷ್ಟಿಕರ್ತರು ತಾವೆಂದು ಹೇಳಿಕೊಳ್ಳುವವರು ಒಬ್ಬರಿಗಿಂತ ಹೆಚ್ಚು. ಅವರ ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ.

ಈ ವಂಶಾವಳಿಯಲ್ಲಿ ತೊಡಕೊಂದಿದೆ. ಬೀಜದ ಅಂಗಡಿಗಳ ಪರಿಭಾಷೆಯಲ್ಲಿ ಇಂಡಿಕಾ ಎಂದರೆ ಅಗಲೆಲೆಯ, ಗಿಡ್ಡನೆಯ ಆಫ್ಘನ್ ಮಾದರಿ. ನೀಳವಾದ ಕೇರಳದ ಗಿಡ ಅವರ ಲೆಕ್ಕಕ್ಕೆ ಸಟೈವಾ. ಆದರೆ ಲಾಮಾರ್ಕನು ಇಂಡಿಕಾ ಎಂದು ಕರೆದುದು ಭಾರತದ ಗಿಡವನ್ನೇ. ಹೀಗಾಗಿ ದಕ್ಷಿಣ ಭಾರತದ ಇಂಡಿಕಾ ಎಂಬ ಮಾತು ಲಾಮಾರ್ಕನ ಅರ್ಥದಲ್ಲಿ ಸರಿ, ಅಂಗಡಿಯ ಅರ್ಥದಲ್ಲಿ ಸಂದೇಹಾಸ್ಪದ. ಹವೆಯ ಸಾಕ್ಷ್ಯವೂ ಉಂಟು. ಕೊಚ್ಚಿಯಲ್ಲಿ ಅತಿ ದೀರ್ಘವಾದ ಹಗಲು ಸುಮಾರು 12 ಗಂಟೆ 40 ನಿಮಿಷ. ಆಮ್‌ಸ್ಟರ್‌ಡಾಮಿನಲ್ಲಿ 16 ಮುಕ್ಕಾಲು ಗಂಟೆ. ಹಗಲು ಕಿರಿದಾದಾಗ ಹೂಬಿಡುವ ನಾಡತಳಿ ಅಲ್ಲಿಯ ಬಯಲಿನಲ್ಲಿ ಚಳಿಗಾಲದ ಮೊದಲು ಮಾಗಲಾರದು. ಮನೆಯೊಳಗೆ ದೀಪದಡಿಯಲ್ಲಿ ಬೇಗ ಮಾಗುವ ‘ವಿಧವೆ’ಯಲ್ಲಿ ಕೇರಳದ ರಕ್ತ ಇದ್ದರೂ ಬೆರಕೆ ಬಹಳ ಆಗಿರಬೇಕು.

ಆ ರೈತನ ಹೆಸರು ಯಾವ ಬೀಜದ ಪಟ್ಟಿಯಲ್ಲಿಯೂ ಅಚ್ಚಾಗಿಲ್ಲ. ಬೆಳೆ ನಿಷಿದ್ಧವಾದುದರಿಂದ ಹೆಸರು ಹೇಳುವುದೇ ಅವನಿಗೆ ಅಪಾಯವೆಂಬ ಸಮಾಧಾನ ನ್ಯಾಯವಾದುದೇ. ಆದರೆ ಪರಿಣಾಮವನ್ನು ನೋಡಬೇಕು. ಒಂದು ದೇಶದ ಜೀವವೈವಿಧ್ಯದ ಮೇಲೆ ಆ ದೇಶಕ್ಕೇ ಹಕ್ಕೆಂದು ಒಪ್ಪಿದ ಅಂತರರಾಷ್ಟ್ರೀಯ ಒಡಂಬಡಿಕೆ ಜಾರಿಗೆ ಬಂದುದು 1993ರ ಡಿಸೆಂಬರಿನಲ್ಲಿ. ನಮ್ಮ ಜೀವವೈವಿಧ್ಯ ಕಾಯಿದೆ 2002ರದು. ಅರಿಸಿನದ ಪೇಟೆಂಟಿನ ಮೇಲೆ ಭಾರತ ಹೋರಾಡಿ ಗೆದ್ದುದು ಹಳೆಯ ಬರಹಗಳನ್ನು ಮುಂದಿಟ್ಟು. ಕಾನೂನಿನ ಕಣ್ಣಿಗೆ ಇರಲೇಬಾರದ ಬೆಳೆಗೆ ವಾದಿಯಾಗಿ ನಿಲ್ಲುವವರು ಯಾರು? ನಿಲ್ಲುವವರಿದ್ದರೂ, ಕೇರಳದಲ್ಲಿ ಈ ಗಿಡದ ಭೇದಗಳನ್ನು ಜನರು ಬಲ್ಲವರಾಗಿದ್ದರೆಂಬುದಕ್ಕೆ ತೋರಿಸಬಹುದಾದ ದೊಡ್ಡ ಆಧಾರ 1690ರ ಆ ಎರಡು ಚಿತ್ರಪಟಗಳೇ.

ಆ ಆಧಾರವಾದರೂ ಮುನ್ನೂರು ವರ್ಷ ಲ್ಯಾಟಿನ್ನಿನ ಸೆರೆಯಲ್ಲಿ ಇದ್ದಿತು. ಅಚ್ಯುತನ್ನರ ನಾಡಿನವರೇ ಅದನ್ನು ಓದಲಾರದವರಾಗಿದ್ದರು. ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಆಚಾರ್ಯರಾಗಿದ್ದ ಕೆ. ಎಸ್. ಮಣಿಲಾಲರು (1938–2025) ಮೂರು ದಶಕಗಳಿಗೂ ಮೇಲ್ಪಟ್ಟು ದುಡಿದು, ರೀಡೆ ವರ್ಣಿಸಿದ ಗಿಡಗಳನ್ನು ಅವುಗಳ ನೆಲೆಯಲ್ಲಿಯೇ ಹುಡುಕಿ, ಹನ್ನೆರಡು ಸಂಪುಟಗಳನ್ನೂ ಇಂಗ್ಲಿಷಿಗೆ ತಂದರು. ತಿರುವನಂತಪುರದ ಕೇರಳ ವಿಶ್ವವಿದ್ಯಾನಿಲಯವು ಅದನ್ನು 2003ರಲ್ಲಿಯೂ ಮಲಯಾಳ ಅನುವಾದವನ್ನು 2008ರಲ್ಲಿಯೂ ಪ್ರಕಟಿಸಿತು. ಕೊಚ್ಚಿಯಿಂದ ಹೊರಟ ಕಂಜಾವದ ಎರಡು ಹೆಸರುಗಳು ಹೀಗೆ ಆಮ್‌ಸ್ಟರ್‌ಡಾಮನ್ನು ಸುತ್ತಿ ತಿರುವನಂತಪುರಕ್ಕೆ ಬಂದು ಸ್ವಂತ ಲಿಪಿಯನ್ನು ಸೇರಿದುವು. ಕಡಕ್ಕರಪ್ಪಳ್ಳಿಯಲ್ಲಿ ಅಚ್ಯುತನ್ ವೈದ್ಯರ ನೆನಪಿನ ‘ಕುರ್ಯಾಲ’ ಎಂಬ ಪುಟ್ಟ ಗುಡಿಯಿದೆ.