ಅತ್ತಿಗೆ ಒಗೆದ ಅಂಗಿ

ತಿರುಮಣಿಯ ನನ್ನ ತವರುಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. 2023ರ ಬೇಸಿಗೆಯಲ್ಲಿ ನಾನು ಮಧುಗಿರಿಯಿಂದ ಅಲ್ಲಿಗೆ ಹೋದಾಗ ಅತ್ತಿಗೆ ಆ ಕಲ್ಲಿನ ಮುಂದೆ ನಿಂತು ಮಗನ ಬಟ್ಟೆ ಹಿಂಡುತ್ತಿದ್ದರು. ಅದರಲ್ಲೊಂದು ಆಟದ ಅಂಗಿ. ಅವನು ಬೆಂಗಳೂರಿನಲ್ಲಿ ಓದುವಾಗ ಫುಟ್‌ಪಾತಿನಲ್ಲಿ ಕೊಂಡದ್ದು, ಇಂಗ್ಲೆಂಡಿನ ಯಾವುದೋ ಫುಟ್‌ಬಾಲ್ ಕ್ಲಬ್ಬಿನ ಅಂಗಿಯ ನಕಲು. ಎದೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳು.

"ಇದೇನು ಬರ್ದೈತೆ ನೋಡಮ್ಮಾ, ಎಷ್ಟು ಉಜ್ಜಿದ್ರೂ ಒಂದಕ್ಷರ ಮಾಸಲ್ಲ" ಎಂದರು.

ನಾನು ಓದಿದೆ. ಕ್ಲಬ್ಬಿನ ಹೆಸರಲ್ಲ, ಬಾಜಿ ಕಟ್ಟಿಸಿಕೊಳ್ಳುವ ಒಂದು ಕಂಪನಿಯ ಹೆಸರು. "ಯಾವುದೋ ಕಂಪನಿದು ಅತ್ತಿಗೆ" ಎಂದಷ್ಟೇ ಹೇಳಿ ಒಳಗೆ ಹೋದೆ. ಎರಡು ತಿಂಗಳಾದ ಮೇಲೆ ಅವರ ಕಾಸಿನ ಸರ ಬೀರುವಿನಲ್ಲಿ ಇಲ್ಲವೆಂದು ಫೋನು ಬಂತು.

ಜೂಜು ನಮ್ಮ ಸೀಮೆಗೆ ಹೊಸದಲ್ಲ. ಯುಗಾದಿಯ ದಿನ ಇಸ್ಪೀಟು ಹಿಡಿಯದ ಗಂಡಸರು ನಮ್ಮೂರಲ್ಲಿ ಕಡಿಮೆ. ಅಂದರ್ ಬಾಹರ್ ಆಡಿ ಸೋತು ಬಂದು ಹೋಳಿಗೆಯ ಎಲೆಯ ಮುಂದೆ ಮುಖ ಊದಿಸಿಕೊಂಡು ಕೂರುತ್ತಿದ್ದ ಚಿಕ್ಕಪ್ಪನನ್ನು ನಾನೇ ಕಂಡಿದ್ದೇನೆ. ಆಮೇಲೆ ಮಟ್ಕಾ ಬಂತು. ಬೊಂಬಾಯಿಯಲ್ಲಿ ನ್ಯೂಯಾರ್ಕಿನ ಹತ್ತಿಯ ದರ ತೆರೆಯುವಾಗ ಎಷ್ಟು, ಮುಚ್ಚುವಾಗ ಎಷ್ಟು ಎಂದು ಕಟ್ಟುತ್ತಿದ್ದ ಪಣ ಅದು. ಅದಕ್ಕೇ ನಮ್ಮವರ ಬಾಯಲ್ಲಿ 'ಓಸಿ', ಓಪನ್ ಕ್ಲೋಸ್. ಹತ್ತಿ ಬೆಳೆಯದವರೂ ಹತ್ತಿಯ ಲೆಕ್ಕದಲ್ಲಿ ಮುಳುಗಿದರು. ಲಾಟರಿಯಂತೂ ಸರ್ಕಾರದ್ದೇ, ಕರ್ನಾಟಕದಲ್ಲಿ ಅದು ನಿಂತದ್ದು 2007ರಲ್ಲಿ.

ಹಾಗೆ ನೋಡಿದರೆ ಋಗ್ವೇದದ ಹತ್ತನೆಯ ಮಂಡಲದಲ್ಲೇ ಒಬ್ಬ ಜೂಜುಕೋರ ಅಳುತ್ತಾನೆ. ಆ ಅಕ್ಷಸೂಕ್ತದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವನಲ್ಲ, ಮನೆಯಲ್ಲಿ ನೊಂದು ಕೂತ ಹೆಂಡತಿ, ಮಗ ಎಲ್ಲಿ ಅಲೆಯುತ್ತಿದ್ದಾನೋ ಎಂದು ಕೊರಗುವ ತಾಯಿ. ದಾಳ ಬಿಟ್ಟು ಬೇಸಾಯಕ್ಕೆ ಹೋಗೆಂಬ ಬುದ್ಧಿಯೂ ಅದರಲ್ಲಿದೆ.

ನಮ್ಮಣ್ಣನ ಮಗನಿಗೆ ಆ ಬುದ್ಧಿ ಹೇಳುವಂತಿರಲಿಲ್ಲ. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಎಂಟು ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿತ್ತು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದೂರಿನ ಸುಮಾರು 13,000 ಎಕರೆಯ ಮೇಲೆ ಈಗ ಗಾಜಿನ ಹಲಗೆಗಳು. ಮೊದಲ ಹಂತ ಉದ್ಘಾಟನೆಯಾದದ್ದು 2018ರ ಮಾರ್ಚಿನಲ್ಲಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಬರಗಾಲದ ಸೀಮೆಯಲ್ಲಿ ಅದು ದೇವರು ಕೊಟ್ಟ ಹಣವೇ ಸರಿ. ಆದರೆ ಹೊಲದ ಕೆಲಸವಿಲ್ಲದೆ ಹುಡುಗರು ಕೂತರು, ಕೈಯಲ್ಲಿ ಫೋನು, ಅಪ್ಪನ ಬ್ಯಾಂಕ್ ಖಾತೆಯ ಗುಟ್ಟಿನ ಅಂಕಿಯೂ ಅವರಿಗೇ ಗೊತ್ತು. ಇವನು ರಾತ್ರಿಯೆಲ್ಲ ಇಂಗ್ಲೆಂಡಿನ ಪಂದ್ಯ ನೋಡುತ್ತಿದ್ದ. ಯಾರು ಗೋಲು ಹೊಡೆಯುತ್ತಾರೆ, ಯಾರಿಗೆ ಹಳದಿ ಕಾರ್ಡು, ಎಲ್ಲಕ್ಕೂ ಬಾಜಿ. ಎರಡು ವರ್ಷದ ಗುತ್ತಿಗೆ ಹಣ ಹೋಯಿತು, ಮೇಲೆ ಸರವೂ ಅಡವು ಬಿತ್ತು.

ಸಿಕ್ಕಿಬಿದ್ದ ದಿನ ಅವನು ಅಳಲಿಲ್ಲ. ಫೋನಿನಲ್ಲಿ ಒಂದು ಸುದ್ದಿ ತೆಗೆದು ತೋರಿಸಿದ. "ನೋಡು ಅತ್ತೆ, ಇವ್ನಿಗೂ ಇದೇ ಕಾಯಿಲೆಯಂತೆ."

ಅವನು ತೋರಿಸಿದ್ದು ಐವನ್ ಟೋನಿ ಎಂಬ ಇಂಗ್ಲೆಂಡಿನ ಆಟಗಾರನನ್ನು. ಫುಟ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟಿ 232 ಸಲ ನಿಯಮ ಮುರಿದೆನೆಂದು ಒಪ್ಪಿಕೊಂಡು, 2023ರ ಮೇ ತಿಂಗಳಲ್ಲಿ ಎಂಟು ತಿಂಗಳ ನಿಷೇಧಕ್ಕೆ ಒಳಗಾದವನು. ಜೂಜಿನ ವ್ಯಸನವಿದೆ ಎಂದು ಮನೋವೈದ್ಯರು ಹೇಳಿದ್ದರಿಂದ ಶಿಕ್ಷೆ ಕಡಿಮೆಯಾಯಿತಂತೆ. ಅದೇ ಅಕ್ಟೋಬರಿನಲ್ಲಿ ಇಟಲಿಯ ಸಾಂಡ್ರೊ ಟೊನಾಲಿಗೆ ಹತ್ತು ತಿಂಗಳು, ನಿಕೊಲೊ ಫಜಿಯೋಲಿಗೆ ಏಳು ತಿಂಗಳು ನಿಷೇಧ.

ನಾನು ಹಳೆಯ ಮೇಷ್ಟರಮ್ಮ. ಒಂದು ಹಿಡಿದರೆ ಬುಡ ಮುಟ್ಟುವ ತನಕ ಬಿಡುವವಳಲ್ಲ. ಓದುತ್ತಾ ಹೋದೆ. ಜಾನ್ ಮೂರ್ಸ್ ಎಂಬಾತ ಗೆಳೆಯರೊಡನೆ ಲಿವರ್‌ಪೂಲಿನಲ್ಲಿ ಫುಟ್‌ಬಾಲ್ ಫಲಿತಾಂಶ ಊಹಿಸುವ ಕೂಪನ್ನಿನ ವ್ಯವಹಾರ ಶುರುಮಾಡಿದ್ದು 1923ರಲ್ಲಿ. ಬೀದಿಯಲ್ಲಿ ಬಾಜಿಯ ಅಂಗಡಿ ತೆರೆಯಲು ಕಾನೂನು ಬಿಟ್ಟದ್ದು 1961ರಲ್ಲಿ. ಮರುವರ್ಷವೇ, 1962ರ ಡಿಸೆಂಬರ್ 1ರಂದು, ಶೆಫೀಲ್ಡ್ ವೆನ್ಸ್‌ಡೇ ತಂಡದ ಮೂವರು, ಪೀಟರ್ ಸ್ವಾನ್, ಟೋನಿ ಕೇ, ಡೇವಿಡ್ ಲೇನ್, ತಮ್ಮ ತಂಡವೇ ಸೋಲುತ್ತದೆಂದು ಹಣ ಕಟ್ಟಿದರು. 1964ರಲ್ಲಿ ಪತ್ರಿಕೆಯೊಂದು ಅದನ್ನು ಬಯಲಿಗೆಳೆಯಿತು. ನಾಲ್ಕು ತಿಂಗಳ ಸೆರೆ, ಆಜೀವ ನಿಷೇಧ. 1972ರಲ್ಲಿ ನಿಷೇಧ ತೆಗೆದರು, ಆದರೆ ಆಡುವ ವಯಸ್ಸು ಜಾರಿಹೋಗಿತ್ತು.

ಅಂದು ಬಾಜಿಯವನು ಆಟದ ಹೊರಗಿದ್ದ. 2002ರಲ್ಲಿ ಫುಲಂ ಕ್ಲಬ್ಬಿನ ಅಂಗಿಯ ಎದೆಗೇ ಬಾಜಿ ಕಂಪನಿಯ ಹೆಸರು ಏರಿತು. 2007ರಿಂದ ಟೀವಿಯಲ್ಲೂ ಜಾಹೀರಾತು. 2013ರಿಂದ ಅಲ್ಲಿನ ಕೆಳಗಿನ ಮೂರು ದರ್ಜೆಯ ಲೀಗಿನ ಹೆಸರಿನಲ್ಲೇ ಬಾಜಿ ಕಂಪನಿ ಸೇರಿದೆ. ಆಟಗಾರರು ಫುಟ್‌ಬಾಲಿನ ಮೇಲೆ ಎಲ್ಲೂ ಬಾಜಿ ಕಟ್ಟಕೂಡದೆಂಬ ನಿಯಮ ಬಂದದ್ದು 2014ರಲ್ಲಿ. ಟೋನಿ ತಪ್ಪು ಮಾಡಿದ ವರ್ಷಗಳಲ್ಲಿ ಆಡುತ್ತಿದ್ದದ್ದು ಅದೇ ಲೀಗಿನಲ್ಲಿ; ಶಿಕ್ಷೆಯಾದಾಗ ಅವನ ಕ್ಲಬ್ಬಿನ ಎದೆಯ ಮೇಲೂ ಬಾಜಿಯದೇ ಹೆಸರು. ಹೆಂಡದಂಗಡಿಯ ಜಗಲಿಯಲ್ಲಿ ಮಲಗಿಸಿ, ಮೂಸಿದರೆ ಬಡಿಯುವ ನ್ಯಾಯ ಇದು. ಎದೆಯ ಮೇಲಿನ ಹೆಸರನ್ನು 2025–26ರ ಋತುವಿನ ಕೊನೆಗೆ ತೆಗೆಯುವುದಾಗಿ ದೊಡ್ಡ ಲೀಗಿನ ಕ್ಲಬ್ಬುಗಳು 2023ರಲ್ಲಿ ಒಪ್ಪಿದವು. ತೋಳಿನ ಮೇಲೆ ಹಾಕಲು ತಡೆಯಿಲ್ಲ!

ನಾವೇನು ಕಡಿಮೆ? 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನಲ್ಲಿ ಮೋಸದಾಟದ ಆರೋಪದ ಮೇಲೆ ಬೆಂಗಳೂರು ಪೊಲೀಸರು ತಂಡದ ಮಾಲೀಕರೊಬ್ಬರನ್ನೂ ಆಟಗಾರರನ್ನೂ ಬಂಧಿಸಿದರು. ಲೀಗೇ ನಿಂತುಹೋಯಿತು. 2022ರ ಜನವರಿಯಲ್ಲಿ ಹೈಕೋರ್ಟು ಆರೋಪಪಟ್ಟಿಗಳನ್ನು ರದ್ದುಮಾಡಿತು. ಇದು ಅಶಿಸ್ತಾಗಬಹುದು, ಕಾನೂನಿನ ಪ್ರಕಾರ ವಂಚನೆಯ ಅಪರಾಧವಾಗದು ಎಂದಿತು. ಮೊಕದ್ದಮೆಯೇ ಉಳಿಯದ ಮೇಲೆ ಅವರ ಹೆಸರು ಇಲ್ಲಿ ಬೇಡ. ಭಾರತ ತಂಡದ ಎದೆಯ ಮೇಲೂ 2023ರಿಂದ 2025ರವರೆಗೆ ಹಣ ಕಟ್ಟಿ ಆಡುವ ಆ್ಯಪೊಂದರ ಹೆಸರಿತ್ತು. ಅದು ಜೂಜಲ್ಲ, ಚಾತುರ್ಯದ ಆಟ ಎಂದು ಕಂಪನಿ ವಾದಿಸುತ್ತಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ ಆ ಹೆಸರು ಇಳಿಯಿತು.

ಇದನ್ನೆಲ್ಲ ನಾನು ಅತ್ತಿಗೆಗೆ ಹೇಳಿದೆ. ಅಮೆರಿಕದ ಮನೋವೈದ್ಯರು 1980ರಲ್ಲೇ ಜೂಜಿನ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದ್ದನ್ನೂ ಹೇಳಿದೆ. ಅವರು ಸೊಪ್ಪು ಸೋಸುತ್ತಾ ಕೇಳಿಸಿಕೊಂಡು, "ಹಂಗಾದ್ರೆ ಕೋಟಿ ಇರೋನಿಗೆ ಕಾಯಿಲೆ, ನಮ್ಮ ಹುಡುಗನಿಗೆ ಚಟ. ಊರೋರು ಹಂಗೇ ತಾನೆ ಅನ್ನೋದು?" ಎಂದರು. ಉತ್ತರ ಹೊಳೆಯಲಿಲ್ಲ. ಅಣ್ಣ ಮಗನೊಡನೆ ಮಾತು ಬಿಟ್ಟಿದ್ದ. ಕೊನೆಗೆ ನಾನೂ ಅತ್ತಿಗೆಯೂ ಅವನನ್ನು ಕರೆದುಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ವ್ಯಸನಕ್ಕೆಂದೇ ಅಲ್ಲಿ ವಿಭಾಗವಿದೆ. ಸಾಲಿನಲ್ಲಿ ಕೂತವರನ್ನು ನೋಡಿದೆ. ಪಕ್ಕದಲ್ಲಿ ಚೀಟಿ ಹಿಡಿದು ಕೂತವರು ಹೆಚ್ಚಿನವರು ಹೆಂಗಸರೇ.

ಒಂದು ಸಲ ಮತ್ತೆ ಜಾರಿದ, ಮತ್ತೆ ಹೋದೆವು. ಈಗ ಪಾವಗಡದಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಒಂಬತ್ತಕ್ಕೆ ಫೋನನ್ನು ತಾನೇ ತಂದು ಅಮ್ಮನ ಕೈಗೆ ಕೊಡುತ್ತಾನೆ, ಅವರು ಅದನ್ನು ರಾಗಿ ಡಬ್ಬಿಯೊಳಗೆ ಇಡುತ್ತಾರೆ. ಗುತ್ತಿಗೆ ಹಣ ಈಗ ಅತ್ತಿಗೆಯ ಖಾತೆಗೆ. ಸರ ಬಿಡಿಸಿಕೊಳ್ಳಲು ಇನ್ನೂ ಎರಡು ಕಂತು ಬಾಕಿ ಇದೆ.