ಐವತ್ತು ಫ್ರೇಮಿನ ಮಾರಿಯೊ: ಹಳೆಯ ವಿಡಿಯೋ ಗೇಮ್‌ಗಳ ಹಳಹಳಿಕೆ ಕುರಿತು ಒಂದು ಆಕ್ಷೇಪ

ಹಳೆಯ ವಿಡಿಯೋ ಗೇಮ್‌ಗಳು ವಯಸ್ಸಾದ ಮೇಲೂ ನಮ್ಮನ್ನು ಏಕೆ ಸೆಳೆಯುತ್ತವೆ ಎಂಬ ಪ್ರಶ್ನೆಗೆ ಶಾನ್ ಫೆಂಟಿ ಕೊಟ್ಟ ಉತ್ತರ ಸರಳವಾಗಿದೆ, ಆಕರ್ಷಕವಾಗಿಯೂ ಇದೆ. ಝಾಕ್ ವೇಲನ್ ಮತ್ತು ಲಾರಿ ಟೇಲರ್ ಸಂಪಾದಿಸಿದ 'ಪ್ಲೇಯಿಂಗ್ ದ ಪಾಸ್ಟ್' (2008) ಸಂಕಲನದಲ್ಲಿರುವ ಅವರ ಲೇಖನದ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಹುಟ್ಟಿದ ಮನೆ, ಓದಿದ ಶಾಲೆ, ಓಡಾಡಿದ ಬೀದಿ ಎಲ್ಲವೂ ನಾವು ಮರಳಿ ಬರುವ ಹೊತ್ತಿಗೆ ಬೇರೆಯಾಗಿರುತ್ತವೆ, ಗೇಮ್ ಮಾತ್ರ ಬಿಟ್ಟುಹೋದ ಹಾಗೆಯೇ ಇರುತ್ತದೆ. ಬದಲಾದವನು ಆಟಗಾರ. ಆ ಬದಲಾಗದ ತಾಣಕ್ಕೆ ಮರಳಬಹುದೆಂಬ ಆಸೆಯೇ ಹಳಹಳಿಕೆಯ ಮೂಲ.

ಆಟಗಾರ ಬದಲಾಗುತ್ತಾನೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಆಟ ಬದಲಾಗುವುದಿಲ್ಲ ಎಂಬುದರಲ್ಲಿದೆ. ಅಮೆರಿಕದ ಮನೆಯೊಂದರಲ್ಲಿ ಕೂತು ನೋಡಿದರೆ ಆ ಮಾತು ಬಹುಮಟ್ಟಿಗೆ ನಿಜ. ನಂಜನಗೂಡು, ತಿ. ನರಸೀಪುರಗಳಲ್ಲಿ ಕೂತು ನೋಡಿದರೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಹಳಹಳಿಕೆಯ ಬಗೆಗಿನ ಹಿಂದಿನ ಅಧ್ಯಯನಗಳನ್ನು ದೀರ್ಘವಾಗಿ ಪರಿಶೀಲಿಸುವ ಅಗತ್ಯವಿಲ್ಲ; ಮುಖ್ಯ ಅಂಶಗಳಲ್ಲಿ ಒಮ್ಮತವಿದೆ. 1688ರಲ್ಲಿ ಬಾಸೆಲ್‌ನ ಯೊಹಾನೆಸ್ ಹೋಫರ್ ಇದನ್ನು ಊರು ಬಿಟ್ಟವರ ಕಾಯಿಲೆಯೆಂದು ಹೆಸರಿಸಿದ. ಕಾಯಿಲೆಯ ಪಟ್ಟಿಯಿಂದ ಅದು ಹೊರಬಿದ್ದು ಬಹಳ ಕಾಲವಾಯಿತು. ಕಳೆದುದನ್ನು ಮತ್ತೆ ಕಟ್ಟಹೊರಡುವ ಹಂಬಲ ಬೇರೆ, ಕಳೆಯಿತೆಂದು ಒಪ್ಪಿಕೊಂಡೇ ಮೆಲುಕು ಹಾಕುವ ಹಂಬಲ ಬೇರೆ ಎಂದು ಸ್ವೆಟ್ಲಾನಾ ಬಾಯ್ಮ್ (2001) ವಿಂಗಡಿಸಿದರು. ತಾನೇ ಬಾಳಿದ ಕಾಲದ ನೆನಪನ್ನೂ ತಾನು ಹುಟ್ಟುವ ಮೊದಲಿನ ಕಾಲದ ಮೇಲಿನ ಮೋಹವನ್ನೂ ಬಾರ್ಬರಾ ಸ್ಟರ್ನ್ (1992) ಜಾಹೀರಾತುಗಳ ಅಧ್ಯಯನದಲ್ಲಿ ಬೇರ್ಪಡಿಸಿದರು. ವೈಲ್ಡ್‌ಶಟ್, ಸೆಡಿಕಿಡಿಸ್ ಮತ್ತು ಸಂಗಡಿಗರ 2006ರ ಪ್ರಯೋಗಗಳಿಂದ ನಮಗೆ ಬೇಕಾದದ್ದು ಒಂದೇ ಅಂಶ: ಇಂಥ ನೆನಪುಗಳಲ್ಲಿ ನಾವು ಒಬ್ಬಂಟಿಯಾಗಿರುವುದು ಕಡಿಮೆ, ಆಪ್ತರ ನಡುವೆ ಇರುವುದೇ ಹೆಚ್ಚು. ಈ ಅಂಶಕ್ಕೆ ಮುಂದೆ ಮರಳುತ್ತೇನೆ.

ನಂಜನಗೂಡು ಹಳೆಯದರ ಮೇಲಿನ ಮೋಹಕ್ಕೆ ಹೊಸ ಊರಲ್ಲ. ಪನಾಮ ಸೊರಗುರೋಗಕ್ಕೆ ಸಿಕ್ಕಿ ತೋಟಗಳಿಂದ ಬಹುಪಾಲು ಮರೆಯಾದ ರಸಬಾಳೆಯ ಹೆಸರು ಇಂದಿಗೂ ಬಾಯಲ್ಲಿದೆ. 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಬಾಲ್ಯದ ರುಚಿಯೆಂದೇ ಹುಡುಕಿ ಕೊಳ್ಳುವವರಿದ್ದಾರೆ. ಆದರೆ ವಿಡಿಯೋ ಗೇಮ್ ಇಲ್ಲಿ ಬೆಳೆದದ್ದೂ ಅಲ್ಲ, ನೇರವಾಗಿ ಬಂದದ್ದೂ ಅಲ್ಲ. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರವನ್ನು ನಮ್ಮ ಸಣ್ಣ ಊರುಗಳ ಮಕ್ಕಳು ಕಂಡದ್ದು ಅಪರೂಪ. ಕಂಡದ್ದು ಅದರ ನಕಲುಗಳನ್ನು: ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರುಗಳಲ್ಲಿ ತೊಂಬತ್ತರ ದಶಕದಲ್ಲಿ ಭಾರತದ ಪೇಟೆಗೆ ಬಂದ ಅಗ್ಗದ ಪೆಟ್ಟಿಗೆಗಳನ್ನು. ಸುಮಾರು 23 ಕಿ.ಮೀ. ದೂರದ ನಂಜನಗೂಡಿಗೂ ಸುಮಾರು 30 ಕಿ.ಮೀ. ದೂರದ ತಿ. ನರಸೀಪುರಕ್ಕೂ ಮೈಸೂರೇ ದೊಡ್ಡ ಪೇಟೆ. ಕೊಳ್ಳಲಾಗದವರು ಗಂಟೆಗಿಷ್ಟೆಂದು ದುಡ್ಡು ಕೊಟ್ಟು ಆಡಿದರು, ಇಲ್ಲವೇ ಕೊಂಡವರ ಮನೆಯ ಟೀವಿಯ ಮುಂದೆ ಹೋಗಿ ಕೂತರು.

ವಾದದ ಮೂಲ ಇರುವುದು ಆ ಟೀವಿಯಲ್ಲಿ.

1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಭಾರತ ಆರಿಸಿಕೊಂಡದ್ದು ಪಾಲ್ ಪದ್ಧತಿಯನ್ನು. ಅದರಲ್ಲಿ ಪರದೆಯನ್ನು ಸೆಕೆಂಡಿಗೆ 50 ಬಾರಿ ಬರೆಯಲಾಗುತ್ತದೆ. ಜಪಾನ್ ಮತ್ತು ಅಮೆರಿಕ ಬಳಸುತ್ತಿದ್ದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಸುಮಾರು 60 ಬಾರಿ. ಸಿನಿಮಾ, ವಾರ್ತೆ ನೋಡುವವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಫ್ಯಾಮಿಕಾಮ್ ಆಟಗಳಿಗೆ ಮಾತ್ರ ಇದು ಜೀವನಾಡಿಯ ವಿಷಯ. ಅವುಗಳಲ್ಲಿ ಕಾಲದ ಲೆಕ್ಕ ಗಡಿಯಾರದ್ದಲ್ಲ, ಪರದೆಯದ್ದು. ಪರದೆಯ ಮೇಲೆ ಒಮ್ಮೆ ಬರೆದ ಚಿತ್ರವೇ ಒಂದು ಫ್ರೇಮ್. ಒಂದು ಫ್ರೇಮಿಗೆ ಮಾರಿಯೊ ಇಷ್ಟು ಮುಂದೆ, ಶತ್ರು ಇಷ್ಟು ಹಿಂದೆ ಎಂದು ಬರೆದಿಟ್ಟ ಆಟವನ್ನು 50 ಫ್ರೇಮಿನ ಯಂತ್ರದಲ್ಲಿ ಹಾಗೆಯೇ ಓಡಿಸಿದರೆ ಇಡೀ ಆಟ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ.

ಲೆಕ್ಕ ಮಾಡಿ ನೋಡಬಹುದು. 'ಸೂಪರ್ ಮಾರಿಯೊ ಬ್ರದರ್ಸ್' (1985) ಆಟದ ಮೊದಲ ಹಂತದಲ್ಲಿ ಪರದೆಯ ಮೇಲ್ಭಾಗದಲ್ಲಿ 400ರಿಂದ ಕೆಳಗಿಳಿಯುವ ಎಣಿಕೆಯಿದೆ. ಅದು ಸೆಕೆಂಡಿನ ಎಣಿಕೆಯೆಂದು ಆಡಿದವರೆಲ್ಲ ನಂಬಿದ್ದರು. ನಿಜದಲ್ಲಿ 24 ಫ್ರೇಮಿಗೊಮ್ಮೆ ಒಂದು ಅಂಕಿ ಇಳಿಯುತ್ತದೆ. 400 ಅಂಕಿಗೆ 9,600 ಫ್ರೇಮ್. ಟೋಕಿಯೊದ ಹುಡುಗನಿಗೆ ಹಾಗಾಗಿ ಸಿಗುತ್ತಿದ್ದ ಸಮಯ 160 ಸೆಕೆಂಡು, ಅಂದರೆ 2 ನಿಮಿಷ 40 ಸೆಕೆಂಡು. ಪಾಲ್ ಟೀವಿಗೆಂದು ತಯಾರಾದ ನಕಲು ಪೆಟ್ಟಿಗೆಯ ಮುಂದೆ ಕೂತ ನಂಜನಗೂಡಿನ ಹುಡುಗನಿಗೆ 192 ಸೆಕೆಂಡು, 3 ನಿಮಿಷ 12 ಸೆಕೆಂಡು. ಗುಂಡಿ ಒತ್ತಲು 12 ಫ್ರೇಮಿನ ಅವಕಾಶವಿದ್ದರೆ ಅಲ್ಲಿ ಅದು ಸೆಕೆಂಡಿನ ಐದನೇ ಒಂದು ಭಾಗ, ಇಲ್ಲಿ ಕಾಲು ಭಾಗಕ್ಕೆ ಹತ್ತಿರ.

ಸಂಗೀತದ ವಿಷಯ ಇನ್ನೂ ಕುತೂಹಲದ್ದು. ಸ್ವರದ ಎತ್ತರ ಯಂತ್ರದ ಚಿಪ್ಪಿನ ಓಟಕ್ಕೆ ಸಂಬಂಧಿಸಿದ್ದು, ಹಾಡಿನ ನಡೆ ಫ್ರೇಮಿಗೆ ಸಂಬಂಧಿಸಿದ್ದು. ಪಾಲ್ ದೇಶಗಳಿಗಾಗಿ ತೈವಾನಿನಲ್ಲಿ ತಯಾರಾದ ನಕಲು ಚಿಪ್ಪುಗಳಲ್ಲಿ ಆ ಓಟವನ್ನು (1.77 ಮೆಗಾಹರ್ಟ್ಸ್) ಜಪಾನಿನ ಮೂಲಕ್ಕೆ (1.79) ತೀರ ಹತ್ತಿರ ಇಟ್ಟಿದ್ದರು. ಹೀಗಾಗಿ ಮಾರಿಯೊನ ಹಾಡು ಅದೇ ಶ್ರುತಿಯಲ್ಲಿ, ಇಳಿದ ಕಾಲಪ್ರಮಾಣದಲ್ಲಿ ಕೇಳಿಸಿತು. ಅದೇ ಕೃತಿಯನ್ನು ಅದೇ ಶ್ರುತಿಯಲ್ಲಿ ತುಸು ನಿಧಾನವಾಗಿ ಹಾಡಿದ ಹಾಗೆ. ಕಿವಿ ಮೋಸಹೋಗಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ: ಶ್ರುತಿ ಬದಲಾದರೆ ಯಾರಾದರೂ ಗುರುತಿಸುತ್ತಾರೆ, ನಡೆ ಬದಲಾದರೆ ಪಕ್ಕದಲ್ಲಿ ಮೂಲವನ್ನು ಇಟ್ಟು ಕೇಳದೆ ತಿಳಿಯುವುದು ಕಷ್ಟ. (ನಮ್ಮ ಮನೆಯ ಕರೆಂಟೂ 50 ಹರ್ಟ್ಸ್ ಆದ್ದರಿಂದ ಆ ಕಾಲದ ಲೋ ವೋಲ್ಟೇಜಿಗೂ ಇದಕ್ಕೂ ಗಂಟುಹಾಕುವ ಆಸೆಯಾಗಬಹುದು. ಸಂಬಂಧವಿಲ್ಲ. ಯಂತ್ರದ ವೇಗ ಅದರೊಳಗಿನ ಹರಳಿನದು.)

ಇಂದು ಮೊಬೈಲಿನಲ್ಲಿ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹಾಕಿಕೊಂಡು ಮಾರಿಯೊ ಆಡುವವರಿಗೆ ಸಾಮಾನ್ಯವಾಗಿ ಸಿಗುವುದು ಜಪಾನಿನ ಅಥವಾ ಅಮೆರಿಕದ ಆವೃತ್ತಿ, 60 ಫ್ರೇಮಿನದು. ಅಂದರೆ ಚಿಕ್ಕಂದಿನಲ್ಲಿ ಆಡಿದ್ದಕ್ಕಿಂತ ಐದನೇ ಒಂದು ಪಾಲು ಹೆಚ್ಚು ವೇಗದ ಆಟ. ನಿಂಟೆಂಡೊ ತಾನೇ 2016ರಲ್ಲಿ ಮಾರಿದ ಪುಟ್ಟ ಮರುಮುದ್ರಣ ಯಂತ್ರವೂ 60ರದ್ದೇ. ಹಳೆಯ ಆಟವನ್ನು ಮತ್ತೆ ಹಿಡಿದವರು ಹೇಳುವ ಮಾತು ಎಲ್ಲರಿಗೂ ಗೊತ್ತು: "ಈಗ ಕೈ ಓಡಲ್ಲ, ವಯಸ್ಸಾಯ್ತು."

ನನ್ನ ವಾದವಿಷ್ಟು. ಆ ಮಾತಿನಲ್ಲಿ ವಯಸ್ಸಿನ ಲೆಕ್ಕಕ್ಕೆ ಬರೆದದ್ದರಲ್ಲಿ ಒಂದು ಪಾಲು ಯಂತ್ರದ ಲೆಕ್ಕಕ್ಕೆ ಸೇರಬೇಕಾದದ್ದು. ಫೆಂಟಿಯವರು ಆಟ ನಿಂತಲ್ಲೇ ನಿಂತಿದೆ, ಆಟಗಾರ ಸರಿದಿದ್ದಾನೆ ಎಂದರು. ಇಲ್ಲಿ ಆಟವೂ ಸರಿದಿದೆ. ಆಟಗಾರ ಮಾತ್ರ ಸರಿದದ್ದೆಲ್ಲ ತಾನೇ ಎಂದುಕೊಂಡಿದ್ದಾನೆ.

ಇದು ದಿಟ್ಟವಾದ ಹೇಳಿಕೆಯಾದ್ದರಿಂದ ಇದರ ಎಲ್ಲೆಗಳನ್ನು ಗುರುತಿಸಬೇಕು. ಮೊದಲನೆಯದಾಗಿ, ಇಲ್ಲಿಗೆ ಬಂದ ಪೆಟ್ಟಿಗೆಗಳೆಲ್ಲ ಪಾಲ್ ಮಾದರಿಯವೆಂದು ನಾನು ಹೇಳುತ್ತಿಲ್ಲ. 60 ಫ್ರೇಮಿನ ಯಂತ್ರವನ್ನು ನಮ್ಮ ಟೀವಿಗೆ ಜೋಡಿಸಿದರೆ ಚಿತ್ರ ಬಣ್ಣ ಕಳೆದುಕೊಳ್ಳುವುದೂ ಉರುಳುವುದೂ ಸಾಧ್ಯವಿತ್ತು. ಅಂಥ ಕಪ್ಪು-ಬಿಳುಪು ಮಾರಿಯೊನನ್ನು ನೆನೆಯುವವರಿಗೆ ನನ್ನ ವಾದ ಅನ್ವಯಿಸುವುದಿಲ್ಲ. ಎರಡನೆಯದಾಗಿ, ವಯಸ್ಸು ಕೈಯನ್ನು ನಿಧಾನಗೊಳಿಸುತ್ತದೆ ಎಂಬುದು ಸುಳ್ಳಲ್ಲ. 'ಸ್ಟಾರ್‌ಕ್ರಾಫ್ಟ್ 2' ಆಡುವ 3,305 ಮಂದಿಯನ್ನು ಪರೀಕ್ಷಿಸಿದ 2014ರ ಅಧ್ಯಯನವೊಂದರಲ್ಲಿ ಆ ಇಳಿತ 24ನೇ ವಯಸ್ಸಿಗೇ ಆರಂಭವಾಗುವುದು ಕಂಡಿದೆ. ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ಪಾಲು ಹಂಚುವುದು ಈ ಲೇಖನದ ಶಕ್ತಿಗೆ ಮೀರಿದ್ದು. ಮೂರನೆಯದಾಗಿ, ಗುಂಡಿಯ ಬದಲು ಗಾಜಿನ ಮೇಲೆ ಬೆರಳಾಡಿಸುವುದರ ಕಷ್ಟವನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. ಇಷ್ಟೆಲ್ಲ ಕಳೆದ ಮೇಲೂ ವ್ಯತ್ಯಾಸ ಉಳಿಯುತ್ತದೆ ಎಂಬುದಕ್ಕೆ ಹೊರಗಿನ ಒಂದು ಆಧಾರವಿದೆ. ಸೋನಿ 2018ರಲ್ಲಿ ಹೊರತಂದ ಪ್ಲೇಸ್ಟೇಷನ್ ಕ್ಲಾಸಿಕ್ ಯಂತ್ರದ 20 ಆಟಗಳಲ್ಲಿ 9 ಆಟಗಳು 50ರ ಪಾಲ್ ಆವೃತ್ತಿಗಳಾಗಿದ್ದವು. ಅಮೆರಿಕದ ವಿಮರ್ಶಕರು ಅದನ್ನು ಕೂಡಲೇ ಗುರುತಿಸಿ ಜರೆದರು. ನಿಧಾನವಾದದ್ದನ್ನು ಗುರುತಿಸುವ ಕಣ್ಣು ಅಲ್ಲಿ ಪಳಗಿತ್ತು. ವೇಗವಾದದ್ದನ್ನು ಗುರುತಿಸುವ ಅವಕಾಶ ನಮಗೆ ಬರಲೇ ಇಲ್ಲ.

ವೇಗವೊಂದೇ ಅಲ್ಲ. ನಕಲು ಯಂತ್ರದ ರಿಮೋಟಿನಲ್ಲಿ ಮೂಲದಲ್ಲಿಲ್ಲದ ಟರ್ಬೊ ಗುಂಡಿಗಳಿದ್ದವು: ಒತ್ತಿ ಹಿಡಿದರೆ ಸಾಕು, ಗುಂಡು ತಾನಾಗಿ ಹಾರುತ್ತಿತ್ತು. 'ಇಷ್ಟು ಇನ್ 1' ಎಂದು ಸಾವಿರಗಟ್ಟಲೆ ಆಟಗಳ ಆಸೆ ತೋರಿಸುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಉಳಿದವು ಅವುಗಳದೇ ಮಾರುವೇಷ. ಒಂದು ಕಾಂಟ್ರಾ ಮೂರು ಲೈಫಿನಿಂದ ಶುರುವಾದರೆ ಇನ್ನೊಂದು ಮೂವತ್ತರಿಂದ, ಮತ್ತೊಂದು ಕೈಯಲ್ಲಿ ದೊಡ್ಡ ಗನ್ ಹಿಡಿದು. ಇವುಗಳಲ್ಲಿ ಬದಲಾಗದ ಮೂಲ ಯಾವುದು? ಕಾಂಟ್ರಾ ಆಟವನ್ನು ತಯಾರಿಸಿದ ಕೊನಾಮಿ ಕಂಪನಿಗೆ ಅದಕ್ಕೆ ಉತ್ತರವಿದ್ದೀತು, ಆಡಿದವರಿಗಿಲ್ಲ.

ಆಟವೇ ಅದಲ್ಲದಿದ್ದರೆ ಆನಂದ ಎಲ್ಲಿಂದ ಬರುತ್ತದೆ? ವೈಲ್ಡ್‌ಶಟ್ ತಂಡದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಾರಿಯೊ ಆಟದಲ್ಲಿ ಇಬ್ಬರು ಒಟ್ಟಿಗೆ ಆಡುವಂತಿಲ್ಲ. ಒಬ್ಬನ ಲೈಫ್ ಹೋದರೆ ಮಾತ್ರ ಇನ್ನೊಬ್ಬನ ಚಾನ್ಸ್. ಎದುರಿನವನು ಚೆನ್ನಾಗಿ ಆಡಿದಷ್ಟೂ ನಮ್ಮ ಕಾಯುವಿಕೆ ಉದ್ದ, ಅವನು ಗುಂಡಿಗೆ ಬೀಳಲೆಂಬ ಹಾರೈಕೆ ತೀವ್ರ. ಹಿಂದೆ ಕೂತ ನಾಲ್ಕೈದು ಮಂದಿಗೆ ಆ ಚಾನ್ಸೂ ಇಲ್ಲ, "ಎಗರೋ, ಎಗರೋ" ಎನ್ನುವ ಅಧಿಕಾರ ಮಾತ್ರ. ಆಟವನ್ನು ಎಲ್ಲಿಗೆ ಬಂತೋ ಅಲ್ಲಿ ಉಳಿಸಿಡುವ ಅನುಕೂಲ ಅದರಲ್ಲಿರಲಿಲ್ಲ. ಕರೆಂಟ್ ಹೋದರೆ 32 ಹಂತಗಳ ಆಟ ಮತ್ತೆ ಮೊದಲನೆಯದಕ್ಕೆ. ಲೋಡ್ ಶೆಡ್ಡಿಂಗ್ ದಿನಚರಿಯಾಗಿದ್ದ ಊರುಗಳಲ್ಲಿ ಇದರ ಫಲ ಸ್ಪಷ್ಟ: ಮೊದಲ ಎರಡು ಹಂತಗಳ ಇಟ್ಟಿಗೆ ಇಟ್ಟಿಗೆಯೂ ಬಾಯಿಪಾಠ, ಆಟದ ಕೊನೆಯಲ್ಲಿ ಸಿಗುವ ರಾಜಕುಮಾರಿಯನ್ನು ಕಂಡವರು ವಿರಳ. ಮೊಬೈಲಿನಲ್ಲಿ ಬೇಕೆಂದಲ್ಲಿ ಉಳಿಸಿಕೊಂಡು, ಒಬ್ಬರೇ ಕೂತು, ಒಂದೇ ರಾತ್ರಿಯಲ್ಲಿ ಅದೇ ಆಟವನ್ನು ಮುಗಿಸಿದವರು "ಅಷ್ಟೇನಾ?" ಎಂದು ಕೈಚೆಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಬಾಯ್ಮ್ ಹೇಳಿದ ಮೊದಲ ಬಗೆಯ ಹಂಬಲ, ಮತ್ತೆ ಕಟ್ಟುವ ಹಂಬಲ, ಇಲ್ಲಿ ತಪ್ಪು ವಸ್ತುವನ್ನು ಕಟ್ಟುತ್ತಿದೆ. ಆಟ ಸಿಕ್ಕಿದೆ, ಸರದಿ ಸಿಕ್ಕಿಲ್ಲ.

ಇದಕ್ಕೆ ಒಂದು ಎದುರು ಉದಾಹರಣೆಯನ್ನು ಪರೀಕ್ಷಿಸಬೇಕು. ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ರೂಪಿಸಿದ ಹಲವು ಮಣೆಯಾಟಗಳನ್ನು 'ಶ್ರೀತತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ದಾಖಲಿಸಿದ್ದಾರೆ. ಆ ಆಟಗಳನ್ನು ಬಾಲ್ಯದಲ್ಲಿ ಆಡಿದ ನೆನಪಿರುವವರು ಇಂದು ಯಾರೂ ಇಲ್ಲ. ಆದರೂ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಪ್ರದರ್ಶನಗಳಲ್ಲಿ ಅಳಗುಳಿಮಣೆ, ಪಗಡೆ, ಚೌಕಾಬಾರಗಳ ಜೊತೆ ಇಂಥ ಆಟಗಳನ್ನೂ ಮತ್ತೆ ಜನರ ಮುಂದಿಟ್ಟಿತು. ಸ್ವಂತ ನೆನಪಿಲ್ಲದೆಯೂ ಹಳೆಯ ಆಟ ರುಚಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಸ್ಟರ್ನ್ ಹೇಳುವ ಎರಡನೆಯ ಬಗೆಯ ಮೋಹ. ನನ್ನ ವಾದಕ್ಕೆ ಇದು ಅಡ್ಡಿಯಾಗದು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಬೋರಲು ಬಿದ್ದರೆ ಬಾರ, ಎರಡಕ್ಕೂ ಇನ್ನೊಂದು ಗರ ಎಂಬ ನಿಯಮದಲ್ಲಿ ಕಾಯುವವರೂ ಆಟದ ಒಳಗೇ ಇದ್ದಾರೆ. ಮಣೆಯನ್ನು ಮತ್ತೆ ಹಾಸಿದರೆ ಸರದಿಯೂ ಅದರ ಜೊತೆಗೇ ಬರುತ್ತದೆ. ಫೈಲನ್ನು ಇಳಿಸಿಕೊಂಡರೆ ಬರುವುದಿಲ್ಲ.

ಉಳಿದಿರುವ ಪ್ರಶ್ನೆಗಳಲ್ಲಿ ಒಂದು ದೊಡ್ಡದು. ಮೇಲೆ ಉದ್ದಕ್ಕೂ 'ಹುಡುಗ' ಎಂದೇ ಬರೆದಿದ್ದೇನೆ, ಅದು ಲೇಖನದ ಮಿತಿ. ಗಂಟೆ ಲೆಕ್ಕದ ಗೇಮ್ ಅಂಗಡಿ ಹೆಣ್ಣುಮಕ್ಕಳು ಹೋಗಿ ಕೂರುವ ಜಾಗವಾಗಿರಲಿಲ್ಲ. ಅವರ ಪಾಲಿಗೆ ಹಳೆಯ ಗೇಮ್ ಎಂದರೆ ಅಪ್ಪನ ನೋಕಿಯಾದ ಹಾವಿನಾಟವಾಗಿರುವ ಸಂಭವ ಹೆಚ್ಚು. 1997ರಲ್ಲಿ ನೋಕಿಯಾ 6110ರೊಡನೆ ಬಂದ ಆ ಆಟಕ್ಕೆ ಟೀವಿ ಬೇಡ, 50-60ರ ಗೊಂದಲವಿಲ್ಲ, ಕರೆಂಟ್ ಹೋದರೂ ನಿಲ್ಲುವುದಿಲ್ಲ. ಅವರ ಹಳಹಳಿಕೆಗೆ ಬೇರೆಯೇ ವಿವರಣೆ ಬೇಕಾದೀತು. ತಿ. ನರಸೀಪುರದ ಸುತ್ತಲ ಹಳ್ಳಿಗಳನ್ನು ಪಟ್ಟಣದ ಅಳತೆಗೋಲಿನಿಂದ ಅಳೆಯಬಹುದೇ ಎಂಬುದನ್ನೂ ಇಲ್ಲಿ ತೀರ್ಮಾನಿಸಿಲ್ಲ.

ಯಂತ್ರಗಳ ವಿಷಯದಲ್ಲಿ ಮಾತ್ರ ತಡಮಾಡುವಂತಿಲ್ಲ. 50 ಫ್ರೇಮಿನ ವಾದ ನಿಲ್ಲುವುದೂ ಬೀಳುವುದೂ ಪೆಟ್ಟಿಗೆಯೊಳಗಿನ ಚಿಪ್ಪುಗಳ ಮೇಲೆ, ಅವು ವರ್ಷವರ್ಷವೂ ಗುಜರಿ ಸೇರುತ್ತಿವೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಓದುಗರ ಮನೆಯ ಅಟ್ಟದಲ್ಲಿ ಅಂಥ ಪೆಟ್ಟಿಗೆ ಇದ್ದರೆ ಅದನ್ನು ತೂಕಕ್ಕೆ ಹಾಕುವ ಮೊದಲು ತಳದ ತಿರುಪು ಬಿಚ್ಚಿ, ಹಸಿರು ಫಲಕದ ಮೇಲಿನ ಚಿಪ್ಪಿನ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.