ಬ್ಲೈಂಡಿನ ಎರಡು ರೂಪಾಯಿ: ಕಾಯುವುದೆಷ್ಟು, ಬಿಡುವುದೆಷ್ಟು?

ಮಾಷ್ಟ್ರುಗಳು ಇಸ್ಪೀಟಿನ ಬಗ್ಗೆ ಬರೆಯಲು ಹೊರಟರೆ ಕೆಲವರು ಹುಬ್ಬೇರಿಸಬಹುದು. ಆದರೂ ಬರೆಯುತ್ತಿದ್ದೇವೆ, ಕಾರಣವಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಊರಿಗೆ ಬಂದವನು ಮನೆಗೂ ಬಂದಿದ್ದ. ಬೆಂಗಳೂರಿನಲ್ಲಿ ಕೆಲಸ. ಮಾತಾಡುತ್ತಾ ಮಾತಾಡುತ್ತಾ, ಮೊಬೈಲಿನಲ್ಲಿ ಪೋಕರ್ ಆಡಿ ಮೂರು ತಿಂಗಳ ಸಂಬಳ ಕಳೆದುಕೊಂಡ ಕಥೆ ಹೇಳಿದ. "ದೊಡ್ಡ ಆಟದಲ್ಲಿ ಹೋದದ್ದಲ್ಲ ಮಾಷ್ಟ್ರೇ. ಬ್ಲೈಂಡ್ ಹಾಕಿ ಆಗಿರುತ್ತಿತ್ತು. ಎದುರಿನವನು ಪ್ರತೀ ಸಲ ಏರಿಸುತ್ತಿದ್ದ. ನನ್ನ ದುಡ್ಡು ಸುಮ್ಮನೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ" ಎಂದ. ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಏನಿದು ಬ್ಲೈಂಡ್, ಎಲ್ಲಿಂದ ಬಂತು ಎಂದು ಓದತೊಡಗಿದೆವು.

ನಮ್ಮ ಕಡೆಯ ಜಾತ್ರೆ, ಕೋಳಿ ಅಂಕದ ಬದಿಯಲ್ಲಿ ನಡೆಯುತ್ತಿದ್ದ 'ಉಲಾಯಿ-ಪಿದಾಯಿ' ನಿಮಗೆಲ್ಲ ಗೊತ್ತು. ಒಳಗೋ ಹೊರಗೋ ಎಂದು ಹಣ ಕಟ್ಟಿದ ಮೇಲೆ ಆಡುವವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಪೋಕರ್ ಹಾಗಲ್ಲ. ಅಲ್ಲಿ ಹಣ ಇಟ್ಟ ಮೇಲೆಯೇ ನಿಜವಾದ ಯೋಚನೆ ಸುರುವಾಗುವುದು.

ಪೋಕರ್ 19ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ನ್ಯೂ ಓರ್ಲಿಯನ್ಸ್ ಕಡೆಯಿಂದ ಮಿಸಿಸಿಪಿ ನದಿಯ ಹಡಗುಗಳ ಮೂಲಕ ಹಬ್ಬಿದ ಆಟ. ಅದೇ ಕಾಲದಲ್ಲಿ ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಗಂಜೀಫಾ ಎಲೆಗಳಿಗೆ ಹೊಸ ಹೊಸ ಆಟಗಳನ್ನು ಕಟ್ಟುತ್ತಿದ್ದರು. ಪೋಕರಿನ ಹಲವು ಬಗೆಗಳಲ್ಲಿ ಒಂದು ಟೆಕ್ಸಾಸ್ ಹೋಲ್ಡೆಮ್. ಅದರ ಹುಟ್ಟೂರು ಟೆಕ್ಸಾಸಿನ ರಾಬ್ಸ್‌ಟೌನ್ ಎಂದು ಆ ರಾಜ್ಯದ ಶಾಸನಸಭೆಯೇ 2007ರಲ್ಲಿ ಗುರುತಿಸಿದೆ. 1967ರ ಹೊತ್ತಿಗೆ ಅದು ಲಾಸ್ ವೇಗಸ್ ಸೇರಿತು. 1970ರಲ್ಲಿ ಅಲ್ಲಿ ಪೋಕರಿನ ವಿಶ್ವ ಸರಣಿ ಆರಂಭವಾಯಿತು.

ಈ ಆಟದಲ್ಲಿ ಒಬ್ಬೊಬ್ಬನಿಗೆ ಎರಡು ಗುಟ್ಟಿನ ಎಲೆ, ಎಲ್ಲರಿಗೂ ಸೇರಿ ಐದು ಬಹಿರಂಗ ಎಲೆ. ಯಾರೂ ಮೊದಲೇ ಹಣ ಇಡದಿದ್ದರೆ ಎಲ್ಲರೂ ಒಳ್ಳೆಯ ಎಲೆಗಾಗಿ ಕಾಯುತ್ತಾ ಕೂರುತ್ತಾರೆ, ಆಟ ಸಾಯುತ್ತದೆ. ಅದಕ್ಕಾಗಿ ಎಲೆ ಹಂಚುವವನ ಎಡಗಡೆಯ ಇಬ್ಬರು ಎಲೆ ನೋಡುವ ಮೊದಲೇ ಹಣ ಇಡಬೇಕು. ಒಬ್ಬನದು ಸಣ್ಣ ಬ್ಲೈಂಡ್, ಮತ್ತೊಬ್ಬನದು ಅದರ ಎರಡರಷ್ಟು. ಕಣ್ಣು ಮುಚ್ಚಿ ಇಟ್ಟ ಹಣವಾದ್ದರಿಂದ ಬ್ಲೈಂಡ್. ಸರದಿಯಂತೆ ಎಲ್ಲರಿಗೂ ಈ ಜಾಗ ಬರುತ್ತದೆ.

ಈ ಹಣದ ಮೇಲೆ ದಾಳಿ ಮಾಡುವುದನ್ನು ಪುಸ್ತಕವಾಗಿ ಕಲಿಸಿದವರು ಡಾಯ್ಲ್ ಬ್ರನ್ಸನ್. 1976 ಮತ್ತು 1977ರಲ್ಲಿ ವಿಶ್ವ ಸರಣಿ ಗೆದ್ದ ಆತ, ಸುಮ್ಮನೆ ಕಾಯಬೇಡಿ, ಏರಿಸಿ, ಎದುರಿನವನನ್ನು ಕಷ್ಟದ ನಿರ್ಧಾರಕ್ಕೆ ತಳ್ಳಿ ಎಂದು ಬರೆದರು. ಮಿತಿಯಿಲ್ಲದ ಆಟದಲ್ಲಿ ಇದು ಇನ್ನೂ ಭಯಂಕರ, ಏಕೆಂದರೆ ಮುಂದಿರುವ ಹಣವನ್ನೆಲ್ಲ ಒಮ್ಮೆಲೇ ತಳ್ಳಬಹುದು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಅಂತರ್ಜಾಲದ ಆಟದ ಮೂಲಕ ಅರ್ಹತೆ ಪಡೆದು 25 ಲಕ್ಷ ಡಾಲರ್ ಗೆದ್ದ ಮೇಲಂತೂ ಲೋಕಕ್ಕೆಲ್ಲ ಈ ಹುಚ್ಚು ಹಿಡಿಯಿತು.

ಈಗ ಲೆಕ್ಕಕ್ಕೆ ಬರೋಣ. ನಾವು ಗಣಿತದ ಪಂಡಿತರಲ್ಲ, ಆದರೆ ಇದು ನಮ್ಮ ಏಳನೆಯ ತರಗತಿಯ ಮಕ್ಕಳಿಗೂ ತಿಳಿಯುವ ಲೆಕ್ಕ. ಬ್ಲೈಂಡ್‌ಗಳು 1 ಮತ್ತು 2 ರೂಪಾಯಿ ಎನ್ನಿ. ಕೊನೆಯಲ್ಲಿ ಕೂತವನು 6 ರೂಪಾಯಿಗೆ ಏರಿಸುತ್ತಾನೆ. ಅಂದರೆ 3 ರೂಪಾಯಿ ಕಸಿಯಲು 6ನ್ನು ಒಡ್ಡಿದ್ದಾನೆ. ನಾಲ್ಕು ಸಲದಲ್ಲಿ ಮೂರು ಸಲ ಬ್ಲೈಂಡಿನ ಇಬ್ಬರೂ ಎಲೆ ಕೆಳಗಿಟ್ಟರೆ ಅವನಿಗೆ 9 ಬಂತು. ನಾಲ್ಕನೆಯ ಸಲ 6 ಪೂರ್ತಿ ಹೋಯಿತೆಂದೇ ಇಟ್ಟುಕೊಂಡರೂ 3 ಲಾಭ. ಕೈಯಲ್ಲಿ ಯಾವ ಎಲೆ ಇದ್ದರೂ ಸರಿ! ಮೂರರಲ್ಲಿ ಎರಡಕ್ಕಿಂತ ಹೆಚ್ಚು ಸಲ ಬಿಟ್ಟುಕೊಟ್ಟರೆ ದಾಳಿಕೋರನಿಗೆ ಎಲೆಯೇ ಬೇಡ ಎಂದಾಯಿತು. ಹಾಗಾಗಿ ಸ್ವಲ್ಪವಾದರೂ ಎದುರು ನಿಲ್ಲಲೇಬೇಕು.

ಎಷ್ಟು? ದೊಡ್ಡ ಬ್ಲೈಂಡಿನವನ ಎದುರು 9 ರೂಪಾಯಿ ಇದೆ, ಅವನು ಇನ್ನು 4 ಹಾಕಬೇಕು, ಒಟ್ಟು 13. ಹದಿಮೂರರಲ್ಲಿ ನಾಲ್ಕು ಪಾಲು ಗೆಲ್ಲುವ ಸಾಧ್ಯತೆ ಇದ್ದರೆ ಸಾಕು ಎನ್ನುತ್ತದೆ ಲೆಕ್ಕ. ಆದರೆ ಇಲ್ಲೊಂದು ಗುಂಡಿ ಇದೆ. ಬಹಿರಂಗ ಎಲೆ ಬಿದ್ದ ಮೇಲೆ ಬ್ಲೈಂಡಿನವನೇ ಮೊದಲು ಮಾತಾಡಬೇಕು, ದಾಳಿಕೋರ ನೋಡಿಕೊಂಡು ಆಡುತ್ತಾನೆ. ಆದ್ದರಿಂದ ದುರ್ಬಲ ಎಲೆಯ ನಾಲ್ಕು ಪಾಲು ಕೈಗೆ ಪೂರ್ತಿ ಸಿಗುವುದಿಲ್ಲ. ಅದರ ಮೇಲೆ ಹಣದಾಟ ನಡೆಸುವ ಕಂಪೆನಿ ರಾಶಿಯಿಂದ ತನ್ನ ಪಾಲು ಕತ್ತರಿಸುತ್ತದೆ. ಹೀಗಾಗಿ ಬಲ್ಲವರು ಒಂದೇ ಬಣ್ಣದ, ಒಂದಕ್ಕೊಂದು ಹತ್ತಿರದ ಎಲೆಗಳನ್ನು ಇಟ್ಟುಕೊಂಡು ಹರಕುಮುರುಕುಗಳನ್ನು ಬಿಡುತ್ತಾರೆ. ಕೆಲವೊಮ್ಮೆ ಸರಿಗಟ್ಟದೆ ತಾವೇ ಮರಳಿ ಏರಿಸುತ್ತಾರೆ. ಎಲ್ಲದಕ್ಕೂ ಏರಿಸುವವನ ಕೈಯಲ್ಲಿ ಹೆಚ್ಚಿನ ಸಲ ಹುರುಳಿರುವುದಿಲ್ಲ. ಅಪರೂಪಕ್ಕೆ ಏರಿಸುವವನ ಎದುರಾದರೆ ಸುಮ್ಮನೆ ಬಿಡುವುದೇ ಜಾಣತನ.

ಇತಿಹಾಸದಲ್ಲಿ ಇದಕ್ಕೊಂದು ಸಾಕ್ಷಿ ಇದೆ. ಗಣಿತಜ್ಞ ಜಾನ್ ವಾನ್ ನಾಯ್ಮನ್ 1928ರಲ್ಲಿ ಆಟಗಳ ಗಣಿತಕ್ಕೆ ಬುನಾದಿ ಹಾಕಿದರು. 1944ರ ಪುಸ್ತಕದಲ್ಲಿ ಪೋಕರಿನ ಸುಳ್ಳು ಏರಿಕೆಯನ್ನೂ ಲೆಕ್ಕಕ್ಕೆ ತಂದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು, ಮಿತಿ ಇರುವ ಇಬ್ಬರ ಹೋಲ್ಡೆಮನ್ನು ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ಬಿಡಿಸಿಯೇಬಿಟ್ಟರು. ಅದರಲ್ಲಿ ಹೊರಬಿದ್ದ ಒಂದು ಸಂಗತಿ: ಇಬ್ಬರೂ ತಪ್ಪಿಲ್ಲದೆ ಆಡಿದರೂ ಹಂಚುವವನ ಕಡೆಗೇ ಲಾಭ. ಅಂದರೆ ದೊಡ್ಡ ಬ್ಲೈಂಡಿನವನು ಎಷ್ಟು ಚೆನ್ನಾಗಿ ಕಾದರೂ ಒಟ್ಟಿನಲ್ಲಿ ಸೋಲುತ್ತಾನೆ! ಮಿತಿಯಿಲ್ಲದ ಆಟದಲ್ಲೂ ಅನುಭವಿಗಳ ಮಾತು ಇದೇ. ಬ್ಲೈಂಡ್ ಕಾಯುವುದು ಗೆಲ್ಲುವುದಕ್ಕಲ್ಲ, ಕಡಿಮೆ ಸೋಲುವುದಕ್ಕೆ. ಆ ಜಾಗದ ಸೋಲನ್ನು ಬೇರೆ ಜಾಗದಲ್ಲಿ ಕೂತಾಗ ತುಂಬಿಕೊಳ್ಳಬೇಕು.

ಕಾನೂನಿನ ಕಥೆಯೂ ಸ್ವಾರಸ್ಯವೇ. 1956ರ ನವೆಂಬರ್ 1ರ ನಂತರ ಪೆರ್ಲ ಕೇರಳದಲ್ಲಿ, ಅಡ್ಕಸ್ಥಳ ದಾಟಿದರೆ ಕರ್ನಾಟಕ. ಜೂಜಿಗೆ ಇಲ್ಲಿ 1960ರ ಕಾಯಿದೆ, ಅಲ್ಲಿ 1963ರ ಪೊಲೀಸ್ ಕಾಯಿದೆ. 2021ರಲ್ಲಿ ಕೇರಳ ಸರಕಾರ ಆನ್‌ಲೈನ್ ರಮ್ಮಿಯನ್ನು, ಕರ್ನಾಟಕ ಸರಕಾರ ಆನ್‌ಲೈನ್ ಹಣದಾಟಗಳನ್ನು ತಡೆಯಲು ಹೊರಟವು. ಕೇರಳದ ಆದೇಶವನ್ನು ಅದೇ ವರ್ಷ, ಕರ್ನಾಟಕದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಆಯಾ ಉಚ್ಚ ನ್ಯಾಯಾಲಯಗಳು ರದ್ದು ಮಾಡಿದವು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಮೊಬೈಲಿಗೆ ಅಡ್ಕಸ್ಥಳದ ಗಡಿ ಕಾಣುವುದಿಲ್ಲವಲ್ಲ!

ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದ ನಮಗೆ ಧರ್ಮರಾಯನ ಜೂಜು ಹೊಸತಲ್ಲ. ಸಂಪತ್ತು ಹೋಯಿತು, ರಾಜ್ಯ ಹೋಯಿತು, ತಮ್ಮಂದಿರು ಹೋದರು, ತಾನೂ ಹೋದ. ಕೊನೆಗೆ ದ್ರೌಪದಿ. ಹೋದದ್ದನ್ನು ತರಲು ಪ್ರತೀ ಸಲ ಇನ್ನೂ ದೊಡ್ಡದನ್ನು ಒಡ್ಡಿದ. ನಮ್ಮ ವಿದ್ಯಾರ್ಥಿ ಮಾಡಿದ್ದೂ ಅದನ್ನೇ. ಮೇಜಿನ ಮೇಲೆ ಇಟ್ಟ ಎರಡು ರೂಪಾಯಿ ಆಗಲೇ ಅವನದಾಗಿರಲಿಲ್ಲ. ಅದು ರಾಶಿಗೆ ಸೇರಿತ್ತು. ಕೇಳಬೇಕಾದ ಪ್ರಶ್ನೆ ಇನ್ನು ಹಾಕುವ ನಾಲ್ಕರದ್ದು.

ಕಳೆದ ರಜೆಯಲ್ಲಿ ಅವನು ಬಂದಾಗ ಈ ಲೆಕ್ಕವನ್ನೆಲ್ಲ ಕಾಗದದಲ್ಲಿ ಬರೆದು ತೋರಿಸಿದೆವು. ಆಟ ಬಿಟ್ಟಿದ್ದಾನೆ, ಸಾಲ ತೀರಿಸುತ್ತಿದ್ದಾನೆ. ಕಾಗದ ನೋಡಿ, "ಇದು ಆಗಲೇ ಗೊತ್ತಿದ್ದರೆ ಗೆಲ್ಲುತ್ತಿದ್ದೆನಾ ಮಾಷ್ಟ್ರೇ?" ಎಂದು ಕೇಳಿದ.

"ಇಲ್ಲ ಮಗಾ, ಕಡಿಮೆ ಸೋಲುತ್ತಿದ್ದೆ" ಎಂದೆವು.